ಬೆಲ್ಟು ಕಿರುಚಿದರೆ ಕೆಚ್ಚಲ ಕಡೆ ನೋಡಿ: ಕೊಟ್ಟಿಗೆ ಯಂತ್ರಗಳ ಬೆಲ್ಟು, ರಬ್ಬರು, ಆಯಿಲ್ ಪೈಪುಗಳ ಆಯ್ಕೆ ಮತ್ತು ಆರೈಕೆ



ಪಶುವೈದ್ಯನಾದವನು ಬೆಲ್ಟು, ಪುಲ್ಲಿ, ಪೈಪುಗಳ ವಿಷಯ ಬರೆಯಲು ಹೊರಟಿದ್ದಾನಲ್ಲ ಎಂದು ತಮಗೆ ಅನ್ನಿಸಬಹುದು. ಅದು ಮೆಕ್ಯಾನಿಕ್ಕಿನ ಕೆಲಸವಲ್ಲವೇ ಎಂದೂ ಕೇಳಬಹುದು. ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳುವಳಿಕೆಯಿಂದ ಒಂದು ಒಳ್ಳೆಯ ಹಸುವಿನ ಒಂದು ಮೊಲೆ ಹೋಯಿತು. ಆದ್ದರಿಂದ ಆ ಸಂಗತಿಯಿಂದಲೇ ಆರಂಭಿಸುತ್ತೇನೆ.

ಕೊರಟಗೆರೆ ತಾಲ್ಲೂಕಿನ ಒಂದು ಊರು. ಆರು ಮಿಶ್ರತಳಿ ಹಸುಗಳಿದ್ದ ಮನೆ. ಕೈಯಲ್ಲಿ ಕರೆಯಲು ಆಳು ಸಿಗದೆ ಹಾಲು ಕರೆಯುವ ಯಂತ್ರವೊಂದನ್ನು ತಂದುಕೊಂಡಿದ್ದರು. ಎರಡು ವರ್ಷ ಯಾವ ತೊಂದರೆಯೂ ಇರಲಿಲ್ಲ. ಮೂರನೆಯ ವರ್ಷ ಒಂದರ ಹಿಂದೆ ಒಂದರಂತೆ ಮೂರು ಹಸುಗಳಿಗೆ ಕೆಚ್ಚಲು ಬಾವು ಬಂತು. ನಾನು ಎರಡು ಸಲ ಹೋಗಿ ಕೆಚ್ಚಲು ಮುಟ್ಟಿ ನೋಡಿ, ಮೊಲೆಗೆ ಔಷಧಿ ಏರಿಸಿ, ಕೊಟ್ಟಿಗೆ ಒಣಗಿರಲಿ, ಕರೆದ ಮೇಲೆ ಮೊಲೆಯನ್ನು ಔಷಧಿ ನೀರಿನಲ್ಲಿ ಅದ್ದಿ ಎಂದು ಹೇಳಿ ಬಂದೆ. ಅವರು ಹೇಳಿದಂತೆಯೇ ಮಾಡುತ್ತಿದ್ದರು. ಆದರೂ ಬಾವು ಬಿಡಲಿಲ್ಲ. ಎರಡು ಸಲವೂ ನಾನು ಹೋದದ್ದು ಮಧ್ಯಾಹ್ನ, ಯಂತ್ರ ಸುಮ್ಮನೆ ನಿಂತಿರುವ ಹೊತ್ತಿನಲ್ಲಿ.

ಮೂರನೆಯ ಸಲ ಹೋಗುವಾಗ ಸಂಜೆಯಾಗಿತ್ತು. ಮನೆಯ ಹೆಣ್ಣುಮಗಳು ಆಗ ತಾನೇ ಮೋಟಾರು ಹಾಕಿದರು. ಬೀದಿಯ ತುದಿಗೆ ಕೇಳುವಂತೆ ಕಿರ್ರೆಂದು ಸದ್ದು.

"ಈ ಸದ್ದು ಯಾವಾಗಿನಿಂದಮ್ಮ?"

"ಹೊಸ ಬೆಲ್ಟು ಹಾಕ್ದಾಗಿಂದ ಹಿಂಗೇ ಕಿರುಚ್ತೈತೆ ಸಾರ್. ಒಂದ್ ಗಳಿಗೆ ಆದ್ಮೇಲೆ ಸುಮ್ನಾಗ್ತೈತೆ."

ಮೋಟಾರು ನಿಲ್ಲಿಸಿ ನೋಡಿದರೆ, ಅಗಲವಾದ ಗಾಡಿಯ ಪುಲ್ಲಿಯಲ್ಲಿ ಸಣ್ಣ ಬೆಲ್ಟೊಂದು ತಳಕ್ಕೆ ಇಳಿದು ಕೂತಿತ್ತು. ಅಂಗಡಿಯಲ್ಲಿ ಬೇಕಾದ ಬೆಲ್ಟು ಇರಲಿಲ್ಲ, ಉದ್ದ ಸರಿಯಾಗಿದೆ ಎಂದು ಇದನ್ನೇ ಕೊಟ್ಟಿದ್ದರು. ಸರಿಯಾದ ಬೆಲ್ಟು ಹಾಕಿಸಿ, ಹಳೆಯದಾಗಿದ್ದ ರಬ್ಬರುಗಳನ್ನೂ ಬದಲಾಯಿಸಿದ ಮೇಲೆ ಎರಡು ಹಸುಗಳು ಚಿಕಿತ್ಸೆಗೆ ಸರಿಹೋದವು, ಹೊಸದಾಗಿ ಬಾವು ಬರಲಿಲ್ಲ. ಮೂರನೆಯದರ ಹಿಂದಿನ ಎಡ ಮೊಲೆ ಆ ವೇಳೆಗೆ ಗಟ್ಟಿಯಾಗಿ ಹೋಗಿತ್ತು. ಅದು ಮತ್ತೆ ಹಾಲಿಗೆ ಬರಲಿಲ್ಲ.

ಬೆಲ್ಟಿಗೂ ಕೆಚ್ಚಲಿಗೂ ಏನು ಸಂಬಂಧ?

ಹಾಲು ಕರೆಯುವ ಯಂತ್ರದಲ್ಲಿ ಹಾಲನ್ನು ಹೊರಕ್ಕೆ ತರುವುದು ಗಾಳಿಯ ಎಳೆತ. ಮೋಟಾರು ತಿರುಗಿ, ಬೆಲ್ಟಿನ ಮೂಲಕ ನಿರ್ವಾತ ಪಂಪನ್ನು ತಿರುಗಿಸುತ್ತದೆ. ಪಂಪು ಪೈಪುಗಳೊಳಗಿನ ಗಾಳಿಯನ್ನು ಎಳೆದು ಹೊರಹಾಕುತ್ತದೆ. ಎಳೆತ ಎಷ್ಟಿದೆ ಎಂಬುದನ್ನು ಮೀಟರಿನ ಮುಳ್ಳು ತೋರಿಸುತ್ತದೆ. ಹಸುಗಳಿಗೆ ಸಾಮಾನ್ಯವಾಗಿ ಪಾದರಸದ ಲೆಕ್ಕದಲ್ಲಿ 12ರಿಂದ 15 ಇಂಚು ಇರುತ್ತದೆ. ತಮ್ಮ ಯಂತ್ರಕ್ಕೆ ತಯಾರಕರು ಹೇಳಿರುವ ಗುರುತು ಯಾವುದೋ ಅದನ್ನೇ ಹಿಡಿಯಬೇಕು.

ಮೊಲೆಗೆ ಹಾಕುವ ಕಪ್ಪಿನೊಳಗೆ ಒಂದು ಮೆದು ರಬ್ಬರು ಕೊಳವೆ ಇರುತ್ತದೆ. ಇದನ್ನು ಲೈನರ್ ಎನ್ನುತ್ತಾರೆ. ಇದು ಒಮ್ಮೆ ತೆರೆದು ಹಾಲು ಎಳೆಯುತ್ತದೆ, ಮರುಕ್ಷಣ ಮುಚ್ಚಿ ಮೊಲೆಯನ್ನು ಮೆತ್ತಗೆ ಒತ್ತುತ್ತದೆ. ನಿಮಿಷಕ್ಕೆ ಸುಮಾರು 60 ಸಲ ಹೀಗೆ ನಡೆಯುತ್ತದೆ. ಕರು ಕುಡಿಯುವಾಗ ಎಳೆಯುವುದು, ನುಂಗಲು ಬಿಡುವುದು ಎಂದು ಮಾಡುತ್ತದಲ್ಲ, ಅದರ ಹಾಗೆ. ಈ ಬಿಡುವು ಬಹಳ ಮುಖ್ಯವಾದದ್ದು. ಮೊದಮೊದಲು ಬಂದ ಯಂತ್ರಗಳಲ್ಲಿ ಬಿಡುವೇ ಇರಲಿಲ್ಲ, ಎಳೆತ ಒಂದೇ ಸಮನೆ ಇರುತ್ತಿತ್ತು. ಅದರಿಂದ ಮೊಲೆಯಲ್ಲಿ ರಕ್ತ ಕಟ್ಟಿ ಹಸುಗಳು ನೋಯುತ್ತಿದ್ದವು. 1895ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಅಲೆಕ್ಸಾಂಡರ್ ಶೀಲ್ಡ್ಸ್ ಎಂಬಾತ ಎಳೆತಕ್ಕೆ ಬಿಡುವು ಕೊಡುವ ವ್ಯವಸ್ಥೆ ಮಾಡಿದ. ಇಂದಿಗೂ ಎಲ್ಲ ಯಂತ್ರಗಳೂ ಅದೇ ತತ್ವದ ಮೇಲೆ ನಡೆಯುತ್ತವೆ.

ಈಗ ಬೆಲ್ಟು ಜಾರಿತೆನ್ನಿ. ಮೋಟಾರು ತನ್ನ ವೇಗದಲ್ಲಿ ತಿರುಗುತ್ತಿರುತ್ತದೆ, ಪಂಪು ಮಾತ್ರ ನಿಧಾನವಾಗುತ್ತದೆ. ಕಪ್ಪುಗಳನ್ನು ಹಾಕುವ ಮೊದಲು ನೋಡಿದರೆ ಮುಳ್ಳು ಸರಿಯಾಗಿಯೇ ನಿಂತಿರುತ್ತದೆ. ಇಲ್ಲಿಯೇ ನಾವು ಮೋಸ ಹೋಗುವುದು. ಕಪ್ಪು ಹಾಕುವಾಗ ಸ್ವಲ್ಪ ಗಾಳಿ ಒಳನುಗ್ಗಿತೆಂದರೆ ಸೊರಗಿದ ಪಂಪಿಗೆ ಅದನ್ನು ಬೇಗ ಹೊರಹಾಕಲು ಆಗುವುದಿಲ್ಲ. ಮುಳ್ಳು ಕೆಳಗಿಳಿಯುತ್ತದೆ, ಕಪ್ಪು ಮೊಲೆಯಿಂದ ಸಡಿಲವಾಗಿ ಚೀತ್ ಎಂದು ಗಾಳಿ ಎಳೆಯುತ್ತದೆ. ಒಂದು ಕಪ್ಪಿನಿಂದ ನುಗ್ಗಿದ ಆ ಗಾಳಿ, ಕೆಳಗೆ ಕೂಡಿದ ಹಾಲಿನ ಹನಿಗಳನ್ನು ಉಳಿದ ಮೂರು ಮೊಲೆಗಳ ತುದಿಗೆ ರಭಸವಾಗಿ ಎರಚುತ್ತದೆ. ಕರೆಯುವಾಗ ಮೊಲೆಯ ರಂಧ್ರ ತೆರೆದೇ ಇರುತ್ತದೆ. ಒಂದು ಮೊಲೆಯಲ್ಲಿ ರೋಗಾಣು ಇದ್ದರೆ ಅದು ನಾಲ್ಕಕ್ಕೂ ಹೋಗಲು ಇದಕ್ಕಿಂತ ಸುಲಭದ ದಾರಿ ಬೇಕಿಲ್ಲ. ಮೇಲಾಗಿ ಹಾಲು ಪೂರ್ತಿ ಇಳಿಯದೆ ಕೆಚ್ಚಲಲ್ಲೇ ಉಳಿಯುತ್ತದೆ.

ಇದನ್ನು ಪರೀಕ್ಷಿಸಲು ಉಪಕರಣ ಬೇಕಾಗಿಲ್ಲ. ಯಂತ್ರ ಹಾಕಿ, ನಾಲ್ಕೂ ಕಪ್ಪುಗಳನ್ನು ಮುಚ್ಚಿಟ್ಟು ಮುಳ್ಳು ಎಲ್ಲಿದೆ ನೋಡಿಕೊಳ್ಳಿ. ಒಂದು ಕಪ್ಪನ್ನು ಐದು ಎಣಿಸುವವರೆಗೆ ತೆರೆದು ಮತ್ತೆ ಮುಚ್ಚಿ. ಮುಳ್ಳು ನಾಲ್ಕೈದು ಸೆಕೆಂಡಿನಲ್ಲಿ ಮೊದಲಿನ ಜಾಗಕ್ಕೆ ಬರಬೇಕು. ಬರಲು ತಡವಾದರೆ ಮೊದಲು ಬೆಲ್ಟು ನೋಡಿ, ಆಮೇಲೆ ಪೈಪುಗಳಲ್ಲಿ ಸೀಳು ಹುಡುಕಿ, ಕೊನೆಗೆ ಪಂಪಿನ ಆಯಿಲ್ ನೋಡಿ.

ಬೆಲ್ಟು ಕೊಳ್ಳುವಾಗ

ನಮ್ಮ ಕೊಟ್ಟಿಗೆಗಳಲ್ಲಿರುವುದು ಹೆಚ್ಚಾಗಿ ವಿ-ಬೆಲ್ಟು, ಅಂದರೆ ಮೇಲೆ ಅಗಲ, ಕೆಳಗೆ ಕಿರಿದಾದ ಬೆಲ್ಟು. ಹಿಂದೆ ಹಿಟ್ಟಿನ ಗಿರಣಿಗಳಲ್ಲಿ ಉದ್ದನೆಯ ಪಟ್ಟೆ ಬೆಲ್ಟು ಇರುತ್ತಿದ್ದುದನ್ನು ಹಿರಿಯರು ನೋಡಿದ್ದೀರಿ. ಅದು ಪುಲ್ಲಿಯ ಮೈಮೇಲೆ ಹಿಡಿಯುತ್ತಿತ್ತು. ವಿ-ಬೆಲ್ಟು ಹಾಗಲ್ಲ. ಅದರ ಎರಡು ಪಕ್ಕಗಳು ಪುಲ್ಲಿಯ ಗಾಡಿಯ ಎರಡು ಗೋಡೆಗಳನ್ನು ಬೆಣೆಯಂತೆ ಒತ್ತಿ ಹಿಡಿಯುತ್ತವೆ. ತಳ ಮುಟ್ಟಲೇಬಾರದು. ತಳ ಮುಟ್ಟಿತೆಂದರೆ ಬೆಣೆಯ ಹಿಡಿತ ತಪ್ಪಿತು, ಬೆಲ್ಟು ಜಾರುತ್ತದೆ.

ಬೆಲ್ಟಿನ ಬೆನ್ನಿನ ಮೇಲೆ ಒಂದು ಅಕ್ಷರ ಮತ್ತು ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅಕ್ಷರವು ಬೆಲ್ಟಿನ ದಪ್ಪ ಅಗಲಗಳನ್ನೂ, ಸಂಖ್ಯೆಯು ಉದ್ದವನ್ನೂ ತಿಳಿಸುತ್ತದೆ. 'ಎ' ಬೆಲ್ಟು ಮೇಲ್ಭಾಗದಲ್ಲಿ 13 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. 'ಬಿ' ಬೆಲ್ಟು 17 ಮಿ.ಮೀ. ಅಗಲ, 11 ಮಿ.ಮೀ. ದಪ್ಪ. 'ಸಿ' ಬೆಲ್ಟು 22 ಮಿ.ಮೀ. ಅಗಲ, 14 ಮಿ.ಮೀ. ದಪ್ಪ. ಬಿ-54 ಎಂದಿದ್ದರೆ 'ಬಿ' ಜಾತಿಯ, ಒಳಸುತ್ತು 54 ಇಂಚಿನ ಬೆಲ್ಟು ಎಂದರ್ಥ. ಕೊರಟಗೆರೆಯ ಆ ಮನೆಯಲ್ಲಿ ನಡೆದದ್ದು ಇಷ್ಟೇ: 'ಬಿ' ಗಾಡಿಗೆ 'ಎ' ಬೆಲ್ಟು ಹಾಕಿದ್ದರು. ನಾಲ್ಕು ಮಿ.ಮೀ. ಕಿರಿದಾದ್ದರಿಂದ ಅದು ಗಾಡಿಯೊಳಗೆ ಇಳಿದು ತಳಕ್ಕೆ ತಾಗಿತ್ತು. ಉದ್ದ ಸರಿಯಿದ್ದರೆ ಸಾಲದು, ಅಕ್ಷರವೂ ಸರಿಯಿರಬೇಕು.

ಅಂಗಡಿಗೆ ಹೋಗುವಾಗ ಹಳೆಯ ಬೆಲ್ಟನ್ನು ಕೈಯಲ್ಲಿ ಹಿಡಿದೇ ಹೋಗಿ. ನಂಬರು ಅಳಿಸಿಹೋಗುವ ಮೊದಲೇ ಅದನ್ನು ಯಂತ್ರದ ಮೈಮೇಲೆ ಬಣ್ಣದಲ್ಲಿ ಬರೆಸಿಡಿ, ಅಥವಾ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಹಳೆಯ ಬೆಲ್ಟೇ ಇಲ್ಲವೆಂದರೆ ಮೋಟಾರನ್ನು ಜಾರುಪಟ್ಟಿಯ ನಡುವೆ ಇರಿಸಿ, ಎರಡೂ ಪುಲ್ಲಿಗಳನ್ನು ಬಳಸಿ ಹುರಿಯನ್ನು ಸುತ್ತಿ ಅಳತೆ ತೆಗೆದುಕೊಂಡು ಹೋಗಬಹುದು. ಮೋಟಾರು ಎರಡೂ ಕಡೆ ಸರಿಯಲು ಜಾಗವಿರಬೇಕು, ಬೆಲ್ಟು ಹಾಕಲು ಹತ್ತಿರಕ್ಕೆ, ಬಿಗಿಮಾಡಲು ದೂರಕ್ಕೆ.

ಬೆಲ್ಟಿನ ಮೇಲೆ ತಯಾರಕರ ಹೆಸರು, ಭಾರತೀಯ ಮಾನಕ ಐ.ಎಸ್. 2494ರ ಗುರುತು ಇದೆಯೇ ನೋಡಿ. ಬೆಲ್ಟಿನ ಶಕ್ತಿ ರಬ್ಬರಿನಲ್ಲಿಲ್ಲ, ಒಳಗೆ ಸುತ್ತಿರುವ ದಾರದ ಎಳೆಗಳಲ್ಲಿದೆ. ಅದು ಹೊರಗೆ ಕಾಣುವುದಿಲ್ಲವಾದ್ದರಿಂದ ಹೆಸರಿಲ್ಲದ ಅಗ್ಗದ ಬೆಲ್ಟು ಕೊಂಡವರಿಗೆ ಒಂದೇ ತಿಂಗಳಲ್ಲಿ ಅದು ಉದ್ದವಾಗುವುದು ಮಾತ್ರ ಕಾಣುತ್ತದೆ. ಉಳಿತಾಯ ಮಾಡಿದೆವೆಂಬ ಹಣ ಒಂದು ಹೊತ್ತಿನ ಹಾಲಿನ ದುಡ್ಡಿಗಿಂತ ಕಡಿಮೆ.

ಎರಡು ಮೂರು ಬೆಲ್ಟುಗಳು ಜೊತೆಗಿರುವ ಯಂತ್ರದಲ್ಲಿ ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ, ಒಂದೇ ತಯಾರಕರದ್ದನ್ನೇ ಬದಲಿಸಬೇಕು. ಹಳೆಯದು ಹಿಗ್ಗಿರುತ್ತದೆ, ಹೊಸದು ಬಿಗಿಯಾಗಿರುತ್ತದೆ. ಜೊತೆಗೆ ಕಟ್ಟಿದರೆ ಹೊಸ ಎತ್ತೇ ಎಲ್ಲ ಭಾರ ಎಳೆದಂತಾಗಿ ಅದೂ ಬೇಗ ಬೀಳುತ್ತದೆ.

ಪುಲ್ಲಿಯ ಗಾತ್ರವೂ ಬೆಲ್ಟಿಗೆ ತಕ್ಕದ್ದಾಗಿರಬೇಕು. 'ಎ' ಬೆಲ್ಟಿಗೆ ಕಡೆಯ ಪಕ್ಷ 3 ಇಂಚಿನ, 'ಬಿ' ಬೆಲ್ಟಿಗೆ 5 ಇಂಚಿನ ಪುಲ್ಲಿ ಬೇಕು. ಇದಕ್ಕಿಂತ ಸಣ್ಣ ಪುಲ್ಲಿಯ ಮೇಲೆ ದಪ್ಪ ಬೆಲ್ಟು ಮಡಿಚಿ ಮಡಿಚಿ ಒಳಮೈ ಬಿರುಕು ಬಿಡುತ್ತದೆ. ಜಾಗವಿಲ್ಲದೆ ಸಣ್ಣ ಪುಲ್ಲಿಯೇ ಇಡಬೇಕಾದರೆ ಒಳಗಡೆ ಹಲ್ಲಿನಂತೆ ಕಚ್ಚು ಇರುವ ಬೆಲ್ಟು ಸಿಗುತ್ತದೆ, ಅದು ಸುಲಭವಾಗಿ ಬಾಗುತ್ತದೆ. ಪುಲ್ಲಿಯ ಗಾಡಿ ಸವೆದು ಗೋಡೆಗಳು ಒಳಬಾಗಿದ್ದರೆ, ಅಥವಾ ತಳ ಫಳಫಳ ಹೊಳೆಯುತ್ತಿದ್ದರೆ, ಆ ಪುಲ್ಲಿಯನ್ನು ತೆಗೆಸಿ. ಸವೆದ ಪುಲ್ಲಿಗೆ ಎಷ್ಟು ಹೊಸ ಬೆಲ್ಟು ತಂದು ಹಾಕಿದರೂ ತಿಂದುಹಾಕುತ್ತದೆ.

ಹಾಕುವ ಕ್ರಮ, ಬಿಗಿಯ ಲೆಕ್ಕ

ಸ್ಕ್ರೂಡ್ರೈವರ್ ಅಥವಾ ಕಬ್ಬಿಣದ ಸಲಾಕೆಯಿಂದ ಮೀಟಿ ಬೆಲ್ಟನ್ನು ಪುಲ್ಲಿಯ ಮೇಲೆ ಹತ್ತಿಸುವುದನ್ನು ಎಲ್ಲ ಕಡೆಯೂ ನೋಡುತ್ತೇನೆ. ಹಾಗೆ ಮಾಡಿದಾಗ ಒಳಗಿನ ದಾರದ ಎಳೆಗಳು ಹರಿಯುತ್ತವೆ, ಹೊರಗೆ ಏನೂ ತಿಳಿಯದು. ಮೋಟಾರಿನ ನಾಲ್ಕು ಬೋಲ್ಟು ಸಡಿಲಿಸಿ, ಹತ್ತಿರಕ್ಕೆ ಸರಿಸಿ, ಕೈಯಿಂದಲೇ ಬೆಲ್ಟು ಕೂರಿಸಿ, ಮತ್ತೆ ಹಿಂದಕ್ಕೆ ಎಳೆದು ಬಿಗಿಮಾಡಿ.

ಬಿಗಿ ಎಷ್ಟಿರಬೇಕು? ಎರಡು ಪುಲ್ಲಿಗಳ ನಡುವಿನ ಬೆಲ್ಟಿನ ಮಧ್ಯಭಾಗವನ್ನು ಹೆಬ್ಬೆರಳಿನಿಂದ ಹದವಾಗಿ ಒತ್ತಿ. ನಡುವಿನ ಅಂತರ ಒಂದು ಅಡಿಯಿದ್ದರೆ ಸುಮಾರು 5 ಮಿ.ಮೀ., ಎರಡು ಅಡಿಯಿದ್ದರೆ ಸುಮಾರು 10 ಮಿ.ಮೀ. ತಗ್ಗಬೇಕು. ಇದಕ್ಕಿಂತ ಹೆಚ್ಚು ತಗ್ಗಿದರೆ ಸಡಿಲ, ತಗ್ಗದೇ ಹೋದರೆ ಅತಿ ಬಿಗಿ. ಅತಿ ಬಿಗಿಯಾದರೆ ಬೇರಿಂಗು ಬಿಸಿಯಾಗಿ ಹೋಗುತ್ತದೆ. ಹೊಸ ಬೆಲ್ಟು ಮೊದಲ ದಿನವೇ ಸ್ವಲ್ಪ ಹಿಗ್ಗಿ ಗಾಡಿಯಲ್ಲಿ ಕೂರುತ್ತದೆ. ಆದ್ದರಿಂದ ಹಾಕಿದ ಮರುದಿನ ಒಮ್ಮೆ, ವಾರದ ಮೇಲೆ ಇನ್ನೊಮ್ಮೆ ಬಿಗಿ ನೋಡಬೇಕು. ಇದನ್ನು ಮಾಡುವವರು ಹತ್ತರಲ್ಲಿ ಒಬ್ಬರೂ ಇಲ್ಲ.

ಎರಡು ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂಬುದನ್ನು ಒಂದು ದಾರದಿಂದ ತಿಳಿಯಬಹುದು. ಪುಲ್ಲಿಗಳ ಪಕ್ಕಕ್ಕೆ ದಾರವನ್ನು ಎಳೆದು ಹಿಡಿದರೆ ಅದು ಎರಡರ ಅಂಚುಗಳಿಗೂ ಒಂದೇ ಸಮ ತಾಗಬೇಕು. ಒಂದು ಕಡೆ ಬೆಳಕು ಕಂಡರೆ ಮೋಟಾರು ಓರೆಯಾಗಿದೆ ಎಂದರ್ಥ. ಬೆಲ್ಟಿನ ಒಂದು ಪಕ್ಕ ಮಾತ್ರ ಸವೆಯುವುದು ಇದರಿಂದಲೇ.

ಬೆಲ್ಟು ಜಾರುತ್ತಿದ್ದರೆ ರಾಳದ ಪುಡಿ ಎರಚುವುದು, ಟಾರು ಸವರುವುದು ನಮ್ಮಲ್ಲಿ ರೂಢಿ. ದಯವಿಟ್ಟು ಬಿಡಿ. ಅರ್ಧ ಗಂಟೆ ಹಿಡಿಯುತ್ತದೆ, ಆಮೇಲೆ ಧೂಳು ಕೂಡಿ ಗಟ್ಟಿಯಾಗಿ ಮೊದಲಿಗಿಂತ ಹೆಚ್ಚು ಜಾರುತ್ತದೆ. ಕಿರುಚುವ ಬೆಲ್ಟಿಗೆ ಎಣ್ಣೆ ಬಿಡುವವರನ್ನೂ ಕಂಡಿದ್ದೇನೆ. ಸದ್ದು ನಿಲ್ಲುತ್ತದೆ ನಿಜ, ಬೆಲ್ಟಿನ ಆಯುಸ್ಸೂ ನಿಲ್ಲುತ್ತದೆ. ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಪಾವಗಡ, ಶಿರಾ, ಮಧುಗಿರಿ ಕಡೆ ಕಡಲೆಕಾಯಿ ಹಿಂಡಿಯ ಚೀಲಗಳನ್ನು ಮೋಟಾರಿನ ಪಕ್ಕದಲ್ಲೇ ಪೇರಿಸುವ ವಾಡಿಕೆಯಿದೆ. ಹಿಂಡಿಯ ಜಿಡ್ಡು ಪುಡಿ ಬೆಲ್ಟಿನ ಮೇಲೆ ಕೂರುತ್ತದೆ. ಆ ವಾಸನೆಗೆ ಬರುವ ಇಲಿಗಳು ಹಿಂಡಿಯ ಜೊತೆಗೆ ಬೆಲ್ಟನ್ನೂ ಕಡಿಯುತ್ತವೆ. ಇನ್ನು ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಶೀಟಿನ ಕೆಳಗೆ ಮೋಟಾರಿದ್ದರೆ ಬೆಲ್ಟು ಗಟ್ಟಿಯಾಗಿ ಪಕ್ಕಗಳು ಗಾಜಿನಂತೆ ನುಣುಪಾಗುತ್ತವೆ. ಅಲ್ಲಿನ ಸದಸ್ಯರು ಬೇಸಿಗೆಯ ಮುಂಚೆ ಒಮ್ಮೆ, ಮಳೆ ಹಿಡಿದ ಮೇಲೆ ಒಮ್ಮೆ ಬೆಲ್ಟು ಬಿಚ್ಚಿ ಹಿಂದು ಮುಂದು ತಿರುಗಿಸಿ ನೋಡಬೇಕು. ಒಳಮೈಯಲ್ಲಿ ಬಿರುಕು, ಪಕ್ಕದಲ್ಲಿ ನೂಲೆದ್ದಿರುವುದು, ಹೊಳಪು, ಇವುಗಳಲ್ಲಿ ಯಾವುದು ಕಂಡರೂ ಬದಲಿಸಿ.

ಮೇವು ಕತ್ತರಿಸುವ ಯಂತ್ರ

ಇದರ ಬಗ್ಗೆ ಬೆಲ್ಟಿಗಿಂತ ಮೊದಲು ಕೈಯ ವಿಷಯ ಹೇಳಬೇಕು. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂದು ಹೇಳಲಾಗದು. ಮೇವು ಹಾಕುತ್ತಿರುವಾಗ ಕರೆಂಟು ಹೋಯಿತು, ಸ್ವಿಚ್ಚು ಹಾಗೆಯೇ ಇತ್ತು, ಸಿಕ್ಕಿಕೊಂಡ ಜೋಳದ ದಂಟು ಎಳೆಯಲು ಕೈ ಹಾಕಿದರು, ಅಷ್ಟರಲ್ಲಿ ಕರೆಂಟು ಬಂತು. ಬೆರಳು ಕಳೆದುಕೊಂಡವರನ್ನು ವಿಚಾರಿಸಿದರೆ ಹೆಚ್ಚಾಗಿ ಇದೇ ಕಥೆ. ಬೋರ್‌ವೆಲ್ಲಿಗೆ ಹಾಕುವಂತಹ ಆಟೋ ಸ್ಟಾರ್ಟರನ್ನು ಮೇವಿನ ಯಂತ್ರಕ್ಕೆ ಎಂದಿಗೂ ಜೋಡಿಸಬೇಡಿ. ಕರೆಂಟು ಹೋದ ತಕ್ಷಣ ಸ್ವಿಚ್ಚು ಆರಿಸುವುದು ಮನೆಯವರಿಗೆಲ್ಲ ರೂಢಿಯಾಗಬೇಕು. ಬೆಲ್ಟಿಗೋ ಬ್ಲೇಡಿಗೋ ಕೈ ಹಾಕುವ ಮುಂಚೆ ಸ್ವಿಚ್ಚು ಆರಿಸಿದರಷ್ಟೇ ಸಾಲದು, ಫ್ಯೂಸು ಕಿತ್ತು ಜೇಬಿನಲ್ಲಿ ಇಟ್ಟುಕೊಳ್ಳಿ.

ಬೆಲ್ಟಿನ ಸುತ್ತ ತಂತಿ ಜಾಲರಿಯ ಮುಚ್ಚಳ ಇರಲೇಬೇಕು. ಯಂತ್ರ ತಂದಾಗ ಇರುತ್ತದೆ. ಒಮ್ಮೆ ಬೆಲ್ಟು ಬದಲಿಸಲು ಬಿಚ್ಚಿದ ಮೆಕ್ಯಾನಿಕ್ಕು ಮತ್ತೆ ಹಾಕುವುದಿಲ್ಲ, ನಾವೂ ಕೇಳುವುದಿಲ್ಲ. ಮೇವು ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಸೀರೆಯ ಸೆರಗು ಬೆಲ್ಟು ಪುಲ್ಲಿಗಳ ನಡುವೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಗಲ ಮೇಲಿನ ಟವೆಲ್ಲನ್ನು ಆಚೆಗಿಟ್ಟು, ಮಕ್ಕಳನ್ನು ದೂರ ಕಳಿಸಿ ಯಂತ್ರ ಹಾಕಿ. ಎರಡು ಸಾವಿರ ಬೆಲೆಯ ಜಾಲರಿ ಮಾಡಿಸಲು ಹಿಂದೆಮುಂದೆ ನೋಡುವವರು, ಒಮ್ಮೆ ಕೈಬೆರಳುಗಳನ್ನು ಎಣಿಸಿ ನೋಡಿಕೊಳ್ಳಲಿ.

ಮೇವು ಬೇಗ ಕತ್ತರಿಸಲಿ ಎಂದು ಮೋಟಾರಿನ ಪುಲ್ಲಿಯನ್ನು ದೊಡ್ಡದು ಮಾಡಿಸುವವರಿದ್ದಾರೆ. ಇದರ ಲೆಕ್ಕ ಸುಲಭ. ಮೋಟಾರಿನ ಸುತ್ತುಗಳನ್ನು ಮೋಟಾರಿನ ಪುಲ್ಲಿಯ ಅಳತೆಯಿಂದ ಗುಣಿಸಿ, ಯಂತ್ರದ ಪುಲ್ಲಿಯ ಅಳತೆಯಿಂದ ಭಾಗಿಸಿದರೆ ಯಂತ್ರದ ಸುತ್ತುಗಳು ಸಿಗುತ್ತವೆ. ಮೋಟಾರು ನಿಮಿಷಕ್ಕೆ 1,440 ಸುತ್ತಿನದು, ಅದರ ಪುಲ್ಲಿ 3 ಇಂಚು, ಯಂತ್ರದ ಪುಲ್ಲಿ 12 ಇಂಚು ಎಂದರೆ ಬ್ಲೇಡಿನ ಚಕ್ರ 360 ಸುತ್ತು ತಿರುಗುತ್ತದೆ. ಮೋಟಾರಿನ ಪುಲ್ಲಿ 4 ಇಂಚು ಮಾಡಿದಿರೆಂದರೆ 480 ಸುತ್ತು. ಅಷ್ಟು ವೇಗಕ್ಕಾಗಿ ಮಾಡದ ಚಕ್ರದ ಬೋಲ್ಟು ಸಡಿಲವಾಗಿ ಬ್ಲೇಡು ಹಾರಿದರೆ ಕೊಟ್ಟಿಗೆಯಲ್ಲಿ ಯಾರಿದ್ದಾರೆ ಎಂದು ಅದು ನೋಡುವುದಿಲ್ಲ. ಬೇಗ ಕತ್ತರಿಸಬೇಕಾದರೆ ಬ್ಲೇಡು ಸಾಣೆ ಹಿಡಿಸಿ. ಬೆಲ್ಟು ಜಾರುವುದಕ್ಕೂ ಎಷ್ಟೋ ಸಲ ಮೊಂಡಾದ ಬ್ಲೇಡೇ ಕಾರಣ.

ಮೊಲೆಗೆ ತಾಗುವ ರಬ್ಬರು

ಮತ್ತೆ ಹಾಲು ಕರೆಯುವ ಯಂತ್ರಕ್ಕೆ ಬರೋಣ. ಇಡೀ ಯಂತ್ರದಲ್ಲಿ ಹಸುವಿನ ಮೈಗೆ ತಾಗುವ ಭಾಗ ಲೈನರ್ ಒಂದೇ. ಅದು ಹರಿಯುವವರೆಗೂ ಬಳಸುವುದು ನಮ್ಮಲ್ಲಿರುವ ದೊಡ್ಡ ತಪ್ಪು. ರಬ್ಬರಿನ ಲೈನರನ್ನು 2,500 ಸಲ ಕರೆದ ಮೇಲೆ, ಇಲ್ಲವೇ ಆರು ತಿಂಗಳಿಗೆ, ಯಾವುದು ಮೊದಲೋ ಆಗ ಬದಲಿಸಬೇಕು. ಒಂದೇ ಜೊತೆ ಕಪ್ಪುಗಳಿಂದ ಎಂಟು ಹಸುಗಳನ್ನು ಎರಡು ಹೊತ್ತು ಕರೆದರೆ ದಿನಕ್ಕೆ 16 ಸಲವಾಯಿತು. 156 ದಿನಕ್ಕೆ, ಎಂದರೆ ಐದು ತಿಂಗಳಿಗೆ ಅದರ ಆಯುಸ್ಸು ಮುಗಿಯಿತು. ನಾಲ್ಕು ಹಸುಗಳಿದ್ದರೆ ಲೆಕ್ಕದ ಪ್ರಕಾರ ಇನ್ನೂ ಹೆಚ್ಚು ದಿನ ಬರಬೇಕು. ಆದರೆ ಹಾಲಿನ ಜಿಡ್ಡು ರಬ್ಬರಿನೊಳಗೆ ಇಳಿಯುವುದರಿಂದ ಆರು ತಿಂಗಳು ಮೀರಿಸಬಾರದು. ನಾಲ್ಕನ್ನೂ ಒಟ್ಟಿಗೇ ಬದಲಿಸಿ, ಹಾಕಿದ ತಾರೀಖನ್ನು ಕೊಟ್ಟಿಗೆ ಗೋಡೆಯ ಮೇಲೆ ಬರೆಯಿರಿ.

ಹಳೆಯ ಲೈನರು ಹಿಗ್ಗಿ ಸಡಿಲವಾಗಿರುತ್ತದೆ, ಒಳಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕುಗಳಿರುತ್ತವೆ. ಎಷ್ಟು ತೊಳೆದರೂ ಆ ಬಿರುಕಿನಲ್ಲಿ ರೋಗಾಣು ಉಳಿಯುತ್ತದೆ. ಬಾವಿದ್ದ ಹಸುವನ್ನು ಕರೆದು, ಅದೇ ಕಪ್ಪನ್ನು ಮುಂದಿನ ಹಸುವಿಗೆ ಹಾಕಿದರೆ ನಾವೇ ರೋಗ ಹಂಚಿದಂತೆ. ಬಾವಿರುವ ಹಸುವನ್ನು ಕೊನೆಗೆ ಕರೆಯಬೇಕು. ಔಷಧಿ ಕೊಟ್ಟ ರಾಸಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕಬಾರದೆಂಬುದು ತಮಗೆ ತಿಳಿದೇ ಇದೆ.

ಲೈನರು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು, ಯಂತ್ರ ಓಡುತ್ತಿರುವಾಗ ತೊಳೆದ ಹೆಬ್ಬೆರಳನ್ನು ಕಪ್ಪಿನೊಳಗೆ ಇಡಿ. ಎಳೆತವೂ ಒತ್ತುವುದೂ ಒಂದಾದ ಮೇಲೊಂದು ಸ್ಪಷ್ಟವಾಗಿ ತಿಳಿಯಬೇಕು. ಬರೀ ಎಳೆತವಿದ್ದು ಒತ್ತುವುದು ಇಲ್ಲದಿದ್ದರೆ, ಆ ಕಪ್ಪಿಗೆ ಹೋಗುವ ಸಣ್ಣ ಗಾಳಿ ಪೈಪು ಸೀಳಿರಬಹುದು ಅಥವಾ ಬುಡದಲ್ಲಿ ಕಳಚಿರಬಹುದು. ಒಂದು ನಿಮಿಷ ಹಾಗೆಯೇ ಹಿಡಿದು ನೋಡಿ, ತಮ್ಮ ಬೆರಳೇ ಜೋಮು ಹಿಡಿಯುತ್ತದೆ. ಹಸು ಏಳೆಂಟು ನಿಮಿಷ ಅದನ್ನು ತಡೆಯಬೇಕು. ಒದೆಯುವ ಹಸುವಿಗೆ ಕಾಲು ಕಟ್ಟುವ ಮುಂಚೆ ಈ ಪರೀಕ್ಷೆ ಮಾಡಿ. ಮೊಲೆಯ ತುದಿಯಲ್ಲಿ ಬಿಳಿಯ ಗಟ್ಟಿ ಉಂಗುರ ಕಟ್ಟಿದ್ದರೂ ಯಂತ್ರದ ಮೇಲೆಯೇ ಅನುಮಾನ ಪಡಬೇಕು.

ಕೈಯಲ್ಲಿ ಕರೆಯುವಾಗ ಮೊಲೆಗೆ ಕೊಬ್ಬರಿ ಎಣ್ಣೆ, ಬೆಣ್ಣೆ ಸವರುವುದು ನಮ್ಮ ಮನೆಗಳ ಹಳೆಯ ಪದ್ಧತಿ. ಯಂತ್ರ ಬಂದ ಮೇಲೂ ಕೆಲವರು ಬಿಟ್ಟಿಲ್ಲ. ಜಿಡ್ಡಿಗೆ ಕಪ್ಪು ಜಾರುತ್ತದೆ, ರಬ್ಬರೂ ಉಬ್ಬುತ್ತದೆ. ಮೊಲೆ ಒಣಗಿ ಶುಭ್ರವಾಗಿದ್ದರೆ ಸಾಕು.

ಹಾಲು ಹರಿಯುವ ಉದ್ದನೆಯ ಪೈಪು ತುಂಡಾದಾಗ ಗಿಡಕ್ಕೆ ನೀರು ಬಿಡುವ ಪೈಪನ್ನು ಕತ್ತರಿಸಿ ಸಿಕ್ಕಿಸಿರುವುದನ್ನು ನೋಡಿದ್ದೇನೆ. ಹಾಲಿಗೆ ಆಹಾರಕ್ಕೆ ಯೋಗ್ಯವೆಂದು ತಯಾರಾದ ಪೈಪೇ ಬೇಕು. ತೊಳೆಯುವುದರಲ್ಲಿಯೂ ಒಂದು ಕ್ರಮವಿದೆ. ಕರೆದ ಕೂಡಲೇ ಉಗುರು ಬೆಚ್ಚಗಿನ ನೀರು ಎಳೆಸಬೇಕು. ಮೊದಲೇ ಕುದಿಯುವ ನೀರು ಹಾಕಿದರೆ ಹಾಲು ಪೈಪಿನ ಒಳಗೋಡೆಗೆ ಬೆಂದು ಅಂಟುತ್ತದೆ. ಆಮೇಲೆ ಯಂತ್ರಕ್ಕೆಂದೇ ಬರುವ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಎಳೆಸಿ, ಕೊನೆಗೆ ಶುದ್ಧ ನೀರು. ನಮ್ಮ ಬೋರ್‌ವೆಲ್ ನೀರು ಗಡಸು. ಪಾತ್ರೆಗೆ ಬಿಳಿ ಹೊಪ್ಪಳೆ ಕಟ್ಟುವಂತೆ ಪೈಪಿನೊಳಗೂ ಹಾಲಿನ ಕಲ್ಲು ಕಟ್ಟುತ್ತದೆ. ವಾರಕ್ಕೊಮ್ಮೆ ಅದಕ್ಕೆಂದೇ ಸಿಗುವ ಆಮ್ಲದ ದ್ರಾವಣದಿಂದ ತೊಳೆಯಿರಿ. ಪುಡಿಯನ್ನೂ ಆಮ್ಲವನ್ನೂ ಒಟ್ಟಿಗೆ ಬೆರೆಸಕೂಡದು.

ಟ್ರಾಲಿ ಎತ್ತುವ ಆಯಿಲ್ ಪೈಪು

ಮುಂಗಾರಿಗೆ ಮುಂಚೆ ಗೊಬ್ಬರ ಹೊಡೆಯಲು, ಸುಗ್ಗಿಯಲ್ಲಿ ರಾಗಿ ಹುಲ್ಲು ತರಲು ಹೈಡ್ರಾಲಿಕ್ ಟ್ರಾಲಿ ಬಳಸುವ ಸದಸ್ಯರು ಈಗ ಬಹಳ ಮಂದಿ. ಟ್ರಾಲಿಯನ್ನು ಎತ್ತುವುದು ಆಯಿಲಿನ ಒತ್ತಡ. ಬೈಕಿನ ಟೈರಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 2 ಕೆ.ಜಿ. ಒತ್ತಡವಿರುತ್ತದೆ. ಟ್ರ್ಯಾಕ್ಟರಿನ ಹೈಡ್ರಾಲಿಕ್ ಪೈಪಿನಲ್ಲಿ ಅದು 150ರಿಂದ 200 ಕೆ.ಜಿ. ಇದನ್ನು ತಡೆಯಲು ಪೈಪಿನ ರಬ್ಬರು ಪದರಗಳ ನಡುವೆ ಉಕ್ಕಿನ ತಂತಿಯ ಹೆಣಿಗೆ ಇರುತ್ತದೆ. ಒಂದು ಹೆಣಿಗೆಯದನ್ನು ಆರ್-1 ಎಂದೂ, ಎರಡು ಹೆಣಿಗೆಯದನ್ನು ಆರ್-2 ಎಂದೂ ಪೈಪಿನ ಮೈಮೇಲೆ ಬರೆದಿರುತ್ತದೆ. ತಾಳಬಲ್ಲ ಒತ್ತಡ, ಒಳ ಅಳತೆ, ತಯಾರಾದ ಕಾಲವೂ ಅಲ್ಲೇ ಇರುತ್ತದೆ. ಹಳೆಯದರಲ್ಲಿ ಏನಿತ್ತೋ ಅದಕ್ಕೆ ಕಡಿಮೆಯಿಲ್ಲದ್ದನ್ನು ಹಾಕಿಸಿ. ತುದಿಯ ನಟ್ಟನ್ನು ಯಂತ್ರದಲ್ಲಿ ಒತ್ತಿಸಿರಬೇಕು. ಕ್ಲಿಪ್ಪು, ತಂತಿ ಸುತ್ತುವುದು ಇಲ್ಲಿ ನಡೆಯದು.

ಪೈಪಿನ ಮೈಮೇಲಿನ ಬರಹದ ಸಾಲು ಉದ್ದಕ್ಕೂ ನೇರವಾಗಿರಬೇಕು. ಅದು ಹಗ್ಗದಂತೆ ಸುತ್ತಿಕೊಂಡಿದ್ದರೆ ಬಿಗಿಮಾಡುವಾಗ ಪೈಪು ತಿರುಚಿದೆ ಎಂದರ್ಥ. ಸ್ವಲ್ಪ ಉದ್ದವಾಗಿಯೇ ಇರಲಿ, ಒತ್ತಡ ಬಂದಾಗ ಪೈಪು ಕುಗ್ಗುತ್ತದೆ. ಕಬ್ಬಿಣಕ್ಕೆ ಉಜ್ಜುವ ಕಡೆ ಹಳೆಯ ಟ್ಯೂಬಿನ ತುಂಡು ತೊಡಿಸಿ. ಹೊರಗಿನ ರಬ್ಬರು ಕಿತ್ತು ತಂತಿ ಕಂಡರೆ, ಮೈಯಲ್ಲಿ ಬೊಕ್ಕೆ ಎದ್ದರೆ, ನಟ್ಟಿನ ಬುಡ ಒದ್ದೆಯಾಗಿದ್ದರೆ ಅಂದೇ ತೆಗೆಸಬೇಕು. ಬಿಚ್ಚುವ ಮುಂಚೆ ಟ್ರಾಲಿ ಇಳಿಸಿ, ಇಂಜಿನ್ ನಿಲ್ಲಿಸಿ, ಲಿವರನ್ನು ಎರಡು ಸಲ ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿ. ಎತ್ತಿದ ಟ್ರಾಲಿಯ ಕೆಳಗೆ ಆಸರೆ ಕೊಡದೆ ಯಾರೂ ಹೋಗಬಾರದು. ಪೈಪು ಒಡೆದರೆ ಟ್ರಾಲಿ ಹೇಳಿಕೇಳಿ ಇಳಿಯುವುದಿಲ್ಲ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಸೋರುವ ಜಾಗವನ್ನು ಕೈಯಿಂದ ಸವರಿ ಹುಡುಕಬೇಡಿ. ಸೂಜಿಮೊನೆಯಷ್ಟು ರಂಧ್ರದಿಂದ ಬರುವ ಆಯಿಲು ಕಣ್ಣಿಗೆ ಕಾಣುವುದೂ ಇಲ್ಲ, ಚರ್ಮವನ್ನು ತೂರಿ ಒಳಹೋಗುತ್ತದೆ. ರಟ್ಟಿನ ತುಂಡು ಹಿಡಿದು ನೋಡಿ, ಎಣ್ಣೆ ಅದರ ಮೇಲೆ ಬೀಳುತ್ತದೆ. ಅಕಸ್ಮಾತ್ ಕೈಗೆ ಹೊಡೆದರೆ ಇರುವೆ ಕಚ್ಚಿದಷ್ಟೇ ನೋವು, ಚುಕ್ಕೆಯಷ್ಟು ಗಾಯ. ಅರಿಶಿನ ಹಚ್ಚಿ ಮಲಗಿದರೆ ಬೆಳಗಾಗುವಷ್ಟರಲ್ಲಿ ಬೆರಳು ಒಳಗೇ ಕೊಳೆಯಲು ಆರಂಭವಾಗಿರುತ್ತದೆ. ಕೂಡಲೇ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಆಯಿಲು ಒಳಹೋಗಿದೆ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅವರಿಗೂ ಅದು ಮುಳ್ಳು ಚುಚ್ಚಿದಂತೆಯೇ ಕಾಣುತ್ತದೆ.

ಸಂಘದ ಕಾರ್ಯದರ್ಶಿಗಳಿಗೆ

ಹಾಲು ಶೀತಲೀಕರಣ ಘಟಕವಿರುವ ಸಂಘಗಳಲ್ಲಿ ಜನರೇಟರಿನ ಫ್ಯಾನ್ ಬೆಲ್ಟನ್ನು ತಿಂಗಳಿಗೊಮ್ಮೆ ನೋಡಿ. ಕರೆಂಟಿಲ್ಲದ ರಾತ್ರಿ ಆ ಬೆಲ್ಟು ಹರಿದರೆ ಇಂಜಿನ್ ಕಾದು ನಿಲ್ಲುತ್ತದೆ, 4 ಡಿಗ್ರಿಯಲ್ಲಿರಬೇಕಾದ ಇಡೀ ಊರಿನ ಹಾಲು ಬೆಳಗಿನೊಳಗೆ ಹುಳಿಯಾಗುತ್ತದೆ. ರೇಡಿಯೇಟರಿನ ರಬ್ಬರು ಪೈಪನ್ನು ಇಂಜಿನ್ ತಣ್ಣಗಿರುವಾಗ ಹಿಸುಕಿ ನೋಡಿ. ಕಲ್ಲಿನಂತೆ ಗಟ್ಟಿಯಾಗಿದ್ದರೂ, ಪಿಚಪಿಚ ಎಂದರೂ ಬದಲಿಸತಕ್ಕದ್ದೇ.

ಒಂದು ಬೆಲ್ಟು, ಒಂದು ಜೊತೆ ಲೈನರು ಬಿಡಿಯಾಗಿ ಮನೆಯಲ್ಲಿರಲಿ. ಅವನ್ನು ಮೊಳೆಗೆ ನೇತುಹಾಕಬೇಡಿ, ಒಂದೇ ಕಡೆ ಮಡಿಕೆ ಬಿದ್ದು ಕೆಡುತ್ತವೆ. ಬಿಸಿಲು, ಒಲೆಯ ಕಾವು, ಎಣ್ಣೆ ತಾಗದ ಕಡೆ, ಇಲಿ ಹೋಗದ ಡಬ್ಬಿಯಲ್ಲಿ ಸಡಿಲವಾಗಿ ಸುತ್ತಿಡಿ. ಕೆಚ್ಚಲು ಬಾವು ಬಿಡದೆ ಮರುಕಳಿಸುತ್ತಿದ್ದರೆ ತಮ್ಮ ತಾಲ್ಲೂಕಿನ ಒಕ್ಕೂಟದ ಕಚೇರಿಗೆ ಅಥವಾ ಸಂಘದ ಕಾರ್ಯದರ್ಶಿಗೆ ತಿಳಿಸಿ, ಮನೆಯಲ್ಲಿ ಯಂತ್ರವಿದೆ ಎಂಬುದನ್ನೂ ಜೊತೆಗೆ ಹೇಳಿ. ನಾವು ಕರೆಯುವ ಹೊತ್ತಿಗೇ ಬರುತ್ತೇವೆ.